ಸೇಬು ಹಣ್ಣಿನಿಂದ ವೈನ್ ತಯಾರಿಕೆ

ಹಿಮಾಚಲ ಪ್ರದೇಶದ ಶಿಮ್ಲಾ, ಕುಲ್ಲು, ಕಿನ್ನೌರ್ ಜಿಲ್ಲೆಗಳಲ್ಲಿ ಜುಲೈ ತಿಂಗಳಿನಿಂದ ಅಕ್ಟೋಬರ್‌ವರೆಗೆ ಸೇಬಿನ ಕೊಯ್ಲಿನ ಕಾಲ. ಚೆನ್ನಾಗಿ ಬಣ್ಣ ಬಂದ, ಗಾತ್ರ ಸರಿಯಿರುವ ಹಣ್ಣು ಪೆಟ್ಟಿಗೆ ಸೇರಿ ದೂರದ ಪೇಟೆಗಳಿಗೆ ಸಾಗುತ್ತದೆ. ಗಾಳಿಗೆ ಉದುರಿದ, ಆಲಿಕಲ್ಲಿನ ಪೆಟ್ಟು ತಿಂದ, ಸಿಪ್ಪೆಯ ಮೇಲೆ ಕಜ್ಜಿ ಕಲೆ ಬಿದ್ದ ಹಣ್ಣು ತೋಟದಲ್ಲೇ ರಾಶಿ ಬೀಳುತ್ತದೆ. ಇಂಥ ಹಣ್ಣನ್ನು ಅಲ್ಲಿನ ಸರ್ಕಾರ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕೊಳ್ಳುತ್ತದೆ. 2023ರಲ್ಲಿ ಅದಕ್ಕೆ ಕೊಟ್ಟ ಬೆಲೆ ಕಿಲೋಗೆ 12 ರೂಪಾಯಿ. 1974ರಲ್ಲಿ ಸ್ಥಾಪನೆಯಾದ ರಾಜ್ಯದ ತೋಟಗಾರಿಕಾ ಉತ್ಪನ್ನ ಮಾರಾಟ ಮತ್ತು ಸಂಸ್ಕರಣ ನಿಗಮ ಇದರ ರಸ ತೆಗೆದು ಸಾಂದ್ರೀಕರಿಸುತ್ತದೆ. ಪೆಟ್ಟಿಗೆಗೆ ಬೇಡವಾದ ಇದೇ ಹಣ್ಣು ವೈನಿಗೆ ಯಾವ ಅಡ್ಡಿಯೂ ಇಲ್ಲದೆ ಆಗಿಬರುತ್ತದೆ. ಪೇಟೆಯಲ್ಲಿ ಬಣ್ಣ, ಆಕಾರಗಳನ್ನು ನೋಡುತ್ತಾರೆ. ವೈನಿಗೆ ಬೇಕಾದದ್ದು ರಸದಲ್ಲಿರುವ ಸಕ್ಕರೆ ಮತ್ತು ಹುಳಿ.

ಕರ್ನಾಟಕದ ರೈತರಿಗೂ ಈ ವಿಷಯ ಈಗ ಪೂರ್ತಿ ದೂರದ್ದಲ್ಲ. ಡೆಲಿಷಸ್ ಗುಂಪಿನ ತಳಿಗಳು ಹೂ ಬಿಡಬೇಕಾದರೆ ಚಳಿಗಾಲದಲ್ಲಿ 7 ಡಿಗ್ರಿ ಸೆಂಟಿಗ್ರೇಡಿಗಿಂತ ಕಡಿಮೆ ಉಷ್ಣತೆಯಲ್ಲಿ ಸುಮಾರು ಸಾವಿರ ಗಂಟೆ ಕಳೆಯಬೇಕು. ಅದು ನಮ್ಮ ಬಯಲುಸೀಮೆಯಲ್ಲಿ ಸಾಧ್ಯವಿಲ್ಲ. ಆದರೆ ಕಡಿಮೆ ಚಳಿ ಸಾಕೆನ್ನುವ ಅನ್ನಾ, ಡಾರ್ಸೆಟ್ ಗೋಲ್ಡನ್, ಬಿಲಾಸ್‌ಪುರದ ಹರಿಮನ್ ಶರ್ಮಾ ಅವರು ಆರಿಸಿ ಬೆಳೆಸಿದ ಎಚ್.ಆರ್.ಎಂ.ಎನ್.-99 ಮುಂತಾದ ತಳಿಗಳನ್ನು ಇತ್ತೀಚಿನ ವರ್ಷಗಳಲ್ಲಿ ನಮ್ಮಲ್ಲೂ ಕೆಲವರು ನೆಟ್ಟಿದ್ದಾರೆ. ಇವುಗಳ ಹಣ್ಣು ಬೇಸಿಗೆಯಲ್ಲೇ ಮಾಗುತ್ತದೆ, ಹೊರಗಿಟ್ಟರೆ ಬೇಗ ಮೆತ್ತಗಾಗುತ್ತದೆ. ಹತ್ತಾರು ಗಿಡಗಳ ಫಸಲು ಹದಿನೈದು ದಿನಗಳಲ್ಲಿ ಒಟ್ಟಿಗೆ ಬಂದರೆ ಏನು ಮಾಡುವುದೆಂಬ ಪ್ರಶ್ನೆ ಏಳುವುದು ಸಹಜ. "ವೈನ್ ಮಾಡಬಹುದಂತೆ" ಎಂಬ ಮಾತು ಆಗಲೇ ಕೇಳಿಬರುವುದು.

ಕಾನೂನಿನ ಮಾತು

ವಿಧಾನಕ್ಕೆ ಮೊದಲು ಇದನ್ನು ಹೇಳಬೇಕು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಸೇಬಿನದಾಗಲಿ, ದ್ರಾಕ್ಷಿಯದಾಗಲಿ, ವೈನೂ ಕಾಯಿದೆಯ ಲೆಕ್ಕದಲ್ಲಿ ಮದ್ಯವೇ. 2007ರ ವೈನ್ ನೀತಿ ದ್ರಾಕ್ಷಿ ಬೆಳೆಗಾರರನ್ನು ಗಮನದಲ್ಲಿಟ್ಟು ಬಂದದ್ದು. ಪರವಾನಗಿಯ ಅಗತ್ಯವನ್ನು ಅದು ತೆಗೆದುಹಾಕಿಲ್ಲ. ಇಂಗ್ಲೆಂಡಿನಲ್ಲಿ ಮನೆಯವರ ಉಪಯೋಗಕ್ಕೆ, ಮಾರಾಟವಿಲ್ಲದೆ, ವೈನ್ ಮಾಡಿಕೊಳ್ಳಲು ಅಡ್ಡಿಯಿಲ್ಲ. ಅಮೆರಿಕದ ಕೇಂದ್ರ ಕಾನೂನು ಒಬ್ಬ ವಯಸ್ಕನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ಮಿತಿ ಇಟ್ಟಿದೆ. ಅಲ್ಲಿ ಹಿತ್ತಲಲ್ಲಿ ಸೇಬಿನ ಮರವಿರುವ ಮನೆಗಳಲ್ಲಿ ಇದು ಉಪ್ಪಿನಕಾಯಿ ಹಾಕಿದಷ್ಟೇ ಸಾಮಾನ್ಯವಾದ ಕೆಲಸ. ಅಲ್ಲಿ ನೆಲೆಸಿರುವ ಕನ್ನಡಿಗರೂ ಮಾಡಿಕೊಳ್ಳಬಹುದು. ಅದನ್ನು ನೋಡಿ ಬಂದವರು ಇಲ್ಲಿಯೂ ಹಾಗೆಯೇ ಎಂದು ತಿಳಿಯಬಾರದು. ಆಸಕ್ತಿಯುಳ್ಳವರು ಮೊದಲು ಜಿಲ್ಲಾ ಅಬಕಾರಿ ಕಚೇರಿಯಲ್ಲಿ ವಿಚಾರಿಸಿ, ಲಿಖಿತ ಉತ್ತರ ಪಡೆಯಬೇಕು. ವಿಸ್ತರಣಾ ಕಾರ್ಯಕರ್ತರೂ ಹಳ್ಳಿಗಳಲ್ಲಿ ಇದನ್ನು ಗೃಹ ಕೈಗಾರಿಕೆಯೆಂದು ಪ್ರಾತ್ಯಕ್ಷಿಕೆ ಮಾಡಿ ತೋರಿಸುವುದು ತರವಲ್ಲ.

ರಸದ ಮುಂದಿನ ಎರಡು ದಾರಿ

ಹಿಂಡಿದ ಸೇಬಿನ ರಸವನ್ನು ಹಾಗೆಯೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ನೊರೆ ಕಾಣಿಸಿಕೊಳ್ಳುತ್ತದೆ. ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ಮದ್ಯಸಾರವಾಗಿಯೂ ಇಂಗಾಲದ ಡೈಆಕ್ಸೈಡ್ ಅನಿಲವಾಗಿಯೂ ಒಡೆಯುತ್ತದೆ. ಇದಕ್ಕೆ ಗಾಳಿ ಬೇಕಿಲ್ಲ. ಇದು ಮುಗಿಯುತ್ತ ಬಂದಾಗ ಗಾಳಿ ಸೋಕಿದರೆ ಇನ್ನೊಂದು ಬಗೆಯ ಸೂಕ್ಷ್ಮಜೀವಿ ಕೆಲಸಕ್ಕೆ ಇಳಿಯುತ್ತದೆ. ಅದು ಮದ್ಯಸಾರವನ್ನು ಅಸಿಟಿಕ್ ಆಮ್ಲವನ್ನಾಗಿ, ಎಂದರೆ ವಿನೆಗರನ್ನಾಗಿ ಮಾಡುತ್ತದೆ. ಬೆಳಿಗ್ಗೆ ಇಳಿಸಿದ ಸಿಹಿ ಕಳ್ಳು ಸಂಜೆಗೆ ಏರುವುದೂ, ಇನ್ನೂ ಕೆಲವು ದಿನ ಬಿಟ್ಟರೆ ಬಾಯಿಗಿಡಲಾಗದಷ್ಟು ಹುಳಿಯಾಗುವುದೂ ನಮ್ಮ ರೈತರಿಗೆ ಗೊತ್ತಿರುವುದೇ. ಸೇಬಿನ ರಸದಲ್ಲಿ ನಡೆಯುವುದೂ ಅದೇ, ನಿಧಾನವಾಗಿ. ಮನೆಯಲ್ಲಿ ಮಾಡಿದ ಸೇಬಿನ ವೈನ್ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಮಾಡಿದವರು ಹಣ್ಣನ್ನೋ ಸಕ್ಕರೆಯನ್ನೋ ದೂರುತ್ತಾರೆ; ತಪ್ಪು ಇರುವುದು ಅರ್ಧ ಖಾಲಿಯಿದ್ದ ಭರಣಿಯಲ್ಲಿ.

ಹಣ್ಣು ಮತ್ತು ರಸ

ಪೆಟ್ಟು ಬಿದ್ದ ಹಣ್ಣು ಆಗಬಹುದು, ಕೊಳೆತ ಹಣ್ಣು ಆಗದು. ಈ ಎರಡರ ನಡುವಿನ ಗೆರೆಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಸೇಬಿನಲ್ಲಿ ನೀಲಿ ಬೂಷ್ಟು ಹಿಡಿದ ಕೊಳೆತದಲ್ಲಿ ಪಾಟುಲಿನ್ ಎಂಬ ವಿಷವಸ್ತು ಉಂಟಾಗುತ್ತದೆ. ಸೇಬಿನ ರಸದಲ್ಲಿ ಇದು ಕಿಲೋಗೆ 50 ಮೈಕ್ರೋಗ್ರಾಂ ಮೀರಬಾರದೆಂಬ ನಿಯಮವಿದೆ. ಯೀಸ್ಟ್ ಇದರ ಬಹುಭಾಗವನ್ನು ನಾಶಮಾಡುವುದಾದರೂ ಆ ಭರವಸೆಯ ಮೇಲೆ ಕೊಳೆತ ಹಣ್ಣು ಸೇರಿಸುವುದು ಸರಿಯಲ್ಲ. ದನಕರು ಮೇಯುವ ತೋಟದಲ್ಲಿ ನೆಲಕ್ಕೆ ಬಿದ್ದ ಹಣ್ಣನ್ನೂ ಬಿಟ್ಟುಬಿಡಬೇಕು. ಔಷಧಿ ಸಿಂಪಡಿಸಿದ ಮೇಲೆ ಕೊಯ್ಲಿಗೆ ಇರಬೇಕಾದ ಅಂತರವನ್ನು ತಿನ್ನುವ ಹಣ್ಣಿನಂತೆಯೇ ಇಲ್ಲಿಯೂ ಪಾಲಿಸಬೇಕು.

ಹಣ್ಣು ಪೂರ್ತಿ ಮಾಗಿರಬೇಕು. ಬಲಿಯದ ಸೇಬಿನಲ್ಲಿ ಪಿಷ್ಟ ಇರುತ್ತದೆ, ಅದು ಇನ್ನೂ ಸಕ್ಕರೆಯಾಗಿರುವುದಿಲ್ಲ. ಗಟ್ಟಿ ಜಾತಿಯ ಹಣ್ಣನ್ನು ಕೊಯ್ದು ನೆರಳಿನಲ್ಲಿ ಒಂದು ವಾರ ಹರಡಿಟ್ಟರೆ ರಸ ಚೆನ್ನಾಗಿ ಬಿಡುತ್ತದೆ. ತೊಳೆದು, ಕೆಟ್ಟ ಭಾಗವನ್ನು ಧಾರಾಳವಾಗಿ ಕತ್ತರಿಸಿ ತೆಗೆದು, ಸಿಪ್ಪೆ ಸಹಿತ ತುರಿಯಬೇಕು ಅಥವಾ ಜಜ್ಜಬೇಕು. ಬೀಜ ಪುಡಿಯಾಗದಂತೆ ನೋಡಿಕೊಳ್ಳಬೇಕು. ತುರಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಒತ್ತಿದರೆ 20 ಕಿಲೋ ಹಣ್ಣಿಗೆ ಸುಮಾರು 10 ಲೀಟರು ರಸ ಸಿಗುತ್ತದೆ. ತಿರುಪಿನ ಒತ್ತುಯಂತ್ರವಿದ್ದರೆ 12 ಲೀಟರೂ ಬಂದೀತು. ಉಳಿದ ಹಿಪ್ಪೆಯನ್ನು ಅದೇ ದಿನ ಬೇರೆ ಮೇವಿನೊಂದಿಗೆ ಬೆರೆಸಿ ಸ್ವಲ್ಪ ಸ್ವಲ್ಪವಾಗಿ ದನಗಳಿಗೆ ಕೊಡಬಹುದು. ಮಾರನೆಯ ದಿನಕ್ಕೆ ಅದು ಹುಳಿತು ಹೋಗುತ್ತದೆ.

ರಸವನ್ನು ಕುದಿಸುವವರಿದ್ದಾರೆ. ಕುದಿಸಿದರೆ ಹಣ್ಣಿನ ಪೆಕ್ಟಿನ್ ರಸಕ್ಕೆ ಇಳಿದು ವೈನ್ ಎಷ್ಟು ದಿನವಾದರೂ ತಿಳಿಯಾಗುವುದಿಲ್ಲ, ಬೇಯಿಸಿದ ವಾಸನೆಯೂ ನಿಲ್ಲುತ್ತದೆ. ಕುದಿಸುವ ಬದಲು 10 ಲೀಟರು ರಸಕ್ಕೆ 1 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಸೇರಿಸಿ, 24 ಗಂಟೆ ಮುಚ್ಚಿಡಬೇಕು. ಕಾಡು ಯೀಸ್ಟ್ ಮತ್ತು ಹುಳಿ ತರುವ ಸೂಕ್ಷ್ಮಜೀವಿಗಳು ಇದರಿಂದ ಹಿಂಗುತ್ತವೆ, ರಸ ಕಂದಾಗುವುದೂ ಕಡಿಮೆಯಾಗುತ್ತದೆ. ಅಳತೆ ಮೀರಬಾರದು, ಆಸ್ತಮಾ ಇರುವವರಿಗೆ ಗಂಧಕದ ಈ ಲವಣ ತೊಂದರೆ ಕೊಡಬಹುದು.

ಪಾತ್ರೆಗಳು ಸ್ಟೇನ್‌ಲೆಸ್ ಸ್ಟೀಲ್, ಗಾಜು ಅಥವಾ ಆಹಾರಕ್ಕೆಂದೇ ಮಾಡಿದ ಪ್ಲಾಸ್ಟಿಕ್ಕಿನವಾಗಿರಬೇಕು. ತಾಮ್ರ, ಹಿತ್ತಾಳೆ, ಕಬ್ಬಿಣ, ಸತುವಿನ ಲೇಪದ ಬಕೆಟ್ ಕೂಡದು. ಕೀಟನಾಶಕದ ಡಬ್ಬಿಯನ್ನು ಎಷ್ಟು ತೊಳೆದರೂ ಬಳಸಬಾರದು ಎಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ಆದರೂ ಹತ್ತು ಲೀಟರಿನ ಒಳ್ಳೆಯ ಮುಚ್ಚಳದ ಡಬ್ಬಿ ಎಂಬ ಆಸೆ ಹಲವು ಮನೆಗಳಲ್ಲಿ ಕಂಡುಬರುತ್ತದೆ.

ಸಕ್ಕರೆಯ ಲೆಕ್ಕ

ಸೇಬು ದ್ರಾಕ್ಷಿಯಲ್ಲ. ಮಾಗಿದ ವೈನ್ ದ್ರಾಕ್ಷಿಯ ರಸದಲ್ಲಿ ಶೇಕಡಾ 20ಕ್ಕೂ ಮೇಲ್ಪಟ್ಟು ಸಕ್ಕರೆ ಇರುತ್ತದೆ. ಸೇಬಿನ ರಸದಲ್ಲಿ ಸಾಮಾನ್ಯವಾಗಿ ಶೇಕಡಾ 10ರಿಂದ 14. ರಸದ ಬ್ರಿಕ್ಸ್ ಅಂಕಿಯನ್ನು 0.55ರಿಂದ ಗುಣಿಸಿದರೆ ಮುಂದೆ ಬರಬಹುದಾದ ಮದ್ಯಸಾರದ ಪ್ರಮಾಣ ಸ್ಥೂಲವಾಗಿ ತಿಳಿಯುತ್ತದೆ. 12 ಬ್ರಿಕ್ಸಿನ ರಸ ಹಾಗೆಯೇ ಹುದುಗಿದರೆ ಶೇಕಡಾ ಆರೂವರೆ. ಫ್ರಾನ್ಸಿನ ನಾರ್ಮಂಡಿ, ಇಂಗ್ಲೆಂಡಿನ ಪಶ್ಚಿಮ ಭಾಗಗಳಲ್ಲಿ ಸೈಡರ್ ಎನ್ನುವುದು ಇಂಥ ಪಾನೀಯವನ್ನೇ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಇದನ್ನೇ ಸೇಬಿನ ವೈನ್ ಎಂದು ಕರೆಯುವುದರಿಂದ ಹೆಸರಿನಲ್ಲಿ ಗೊಂದಲವಾಗುತ್ತದೆ. ಇಲ್ಲಿ ವೈನ್ ಎಂದರೆ ಸಕ್ಕರೆ ಸೇರಿಸಿ ಶೇಕಡಾ 11ರಷ್ಟು ಮದ್ಯಸಾರಕ್ಕೆ ಏರಿಸಿದ್ದು. ಸಕ್ಕರೆ ಸೇರಿಸುವುದು ರುಚಿಗಾಗಿ ಅಲ್ಲ. ಮದ್ಯಸಾರ ಕಡಿಮೆಯಿದ್ದಷ್ಟೂ ವೈನ್ ಬೇಗ ಕೆಡುತ್ತದೆ.

12 ಬ್ರಿಕ್ಸಿನ ರಸವನ್ನು 21 ಬ್ರಿಕ್ಸಿಗೆ ತರಲು ಲೀಟರಿಗೆ ಸುಮಾರು 120 ಗ್ರಾಂ ಸಕ್ಕರೆ ಬೇಕು. 10 ಲೀಟರಿಗೆ 1 ಕಿಲೋ 200 ಗ್ರಾಂ. ಸಕ್ಕರೆ ಕರಗಿದಾಗ ರಸದ ಅಳತೆಯೂ ಹತ್ತೂಮುಕ್ಕಾಲು ಲೀಟರಿಗೆ ಏರುವುದರಿಂದ ಪಾತ್ರೆಯಲ್ಲಿ ಜಾಗ ಬಿಟ್ಟಿರಬೇಕು. ರಸ 14 ಬ್ರಿಕ್ಸ್ ಇದ್ದರೆ 10 ಲೀಟರಿಗೆ 900 ಗ್ರಾಂ ಮಾತ್ರ ಸಾಕು. ಬ್ರಿಕ್ಸ್ ನೋಡುವ ಕೈ ಉಪಕರಣ ಇಲ್ಲದಿದ್ದರೆ ಹೈಡ್ರೋಮೀಟರ್ ಆದರೂ ಬೇಕು. ಅದರಲ್ಲಿ 1.048 ಎಂದರೆ 12 ಬ್ರಿಕ್ಸ್, 1.087 ಎಂದರೆ 21. ಬಾಯಿರುಚಿಯಿಂದ ಇದನ್ನು ಅಳೆಯಲಾಗದು, ಏಕೆಂದರೆ ಹುಳಿ ಹೆಚ್ಚಿದ್ದರೆ ಸಿಹಿ ತೋರುವುದಿಲ್ಲ. ಅಂದಾಜಿನ ಮೇಲೆ ಒಂದಕ್ಕೆರಡು ಸಕ್ಕರೆ ಸುರಿದರೆ ಯೀಸ್ಟ್ ನಡುವೆಯೇ ಸೋತು ನಿಂತು, ಪಾನಕದಂಥ ಸಿಹಿ ಉಳಿಯುತ್ತದೆ.

ಹುಳಿಯ ಮಟ್ಟವನ್ನೂ ನೋಡಬೇಕು. ಡೆಲಿಷಸ್ ಜಾತಿಯ ಸೇಬಿನಲ್ಲಿ ಹುಳಿ ಕಡಿಮೆ, ಶೇಕಡಾ 0.2ರಿಂದ 0.3. ಅದೊಂದರಿಂದಲೇ ಮಾಡಿದ ವೈನ್ ಸಪ್ಪೆ. ಗ್ರ್ಯಾನಿ ಸ್ಮಿತ್‌ನಂಥ ಹುಳಿ ಸೇಬನ್ನು ಮೂರರಲ್ಲಿ ಒಂದು ಪಾಲು ಬೆರೆಸುವುದು ಒಳ್ಳೆಯ ಉಪಾಯ. ಸಿಗದಿದ್ದರೆ ಲೀಟರಿಗೆ 2 ಗ್ರಾಂ ಸಿಟ್ರಿಕ್ ಆಮ್ಲ ಸೇರಿಸಬಹುದು. ಕಡಿಮೆ ಚಳಿಯ ತಳಿಗಳಲ್ಲಿ ಹುಳಿ ಇರುವುದರಿಂದ ಅಂಥ ಹಣ್ಣಿಗೆ ಮೊದಲು ರುಚಿ ನೋಡಿ ತೀರ್ಮಾನಿಸಬೇಕು.

ಸೇಬಿನ ರಸದಲ್ಲಿ ಸಾರಜನಕ ಕಡಿಮೆ, ಯೀಸ್ಟಿಗೆ ಅದು ಆಹಾರ. ಆದ್ದರಿಂದ ಲೀಟರಿಗೆ ಅರ್ಧ ಗ್ರಾಂ ಡೈಅಮೋನಿಯಂ ಫಾಸ್ಫೇಟ್ ಸೇರಿಸುವುದು ವಾಡಿಕೆ. ರೈತರು ಇಲ್ಲಿ ಎಚ್ಚರಿಕೆ ವಹಿಸಬೇಕು. ಉಗ್ರಾಣದಲ್ಲಿರುವ ಡಿ.ಎ.ಪಿ. ಚೀಲದ ಮೇಲೂ ಇದೇ ಹೆಸರಿದೆ; ಆದರೆ ಗೊಬ್ಬರದಲ್ಲಿ ಆಹಾರಕ್ಕೆ ಸೇರಬಾರದ ಕಶ್ಮಲಗಳು, ಭಾರಲೋಹಗಳು ಇರುತ್ತವೆ. ಆಹಾರ ದರ್ಜೆಯದು ಸಿಗದಿದ್ದರೆ ಸೇರಿಸದೆಯೇ ನಡೆಸಬೇಕು. ಹುದುಗುವುದು ತಡವಾದೀತು, ಅಷ್ಟೆ.

ಹುದುಗು ಬರಿಸುವುದು

ವೈನಿಗೆಂದೇ ಮಾರುವ ಒಣ ಯೀಸ್ಟನ್ನು, 5 ಗ್ರಾಂ ಪೊಟ್ಟಣವೊಂದನ್ನು, ಉಗುರು ಬೆಚ್ಚಗಿನ ಅರ್ಧ ಲೋಟ ನೀರಿನಲ್ಲಿ ಕಾಲು ಗಂಟೆ ನೆನೆಸಿ ರಸಕ್ಕೆ ಸೇರಿಸಬೇಕು. 10-20 ಲೀಟರಿಗೆ ಇಷ್ಟು ಸಾಕು. ಬ್ರೆಡ್ಡಿನ ಯೀಸ್ಟಿನಿಂದಲೂ ಕೆಲಸ ನಡೆಯುತ್ತದೆ, ಆದರೆ ಅದರ ಗಸಿ ತಳದಲ್ಲಿ ಗಟ್ಟಿಯಾಗಿ ಕೂರುವುದಿಲ್ಲ, ರುಚಿಯೂ ಒರಟು. ರಸದ ಉಷ್ಣತೆ 18ರಿಂದ 24 ಡಿಗ್ರಿ ಸೆಂಟಿಗ್ರೇಡ್ ಇದ್ದರೆ ಉತ್ತಮ. 30 ದಾಟಿದರೆ ಸುವಾಸನೆ ಹೋಗುತ್ತದೆ, ಹುಳಿ ತರುವ ಜೀವಿಗಳಿಗೂ ಅನುಕೂಲವಾಗುತ್ತದೆ. ಬೇಸಿಗೆಯಲ್ಲಿ ಭರಣಿಯನ್ನು ನೀರಿನ ತೊಟ್ಟಿಯಲ್ಲಿಟ್ಟು, ಸುತ್ತ ಒದ್ದೆ ಗೋಣಿ ಹೊದಿಸುವುದರಿಂದ ನಾಲ್ಕೈದು ಡಿಗ್ರಿ ಇಳಿಸಬಹುದು.

ಮೊದಲ ನಾಲ್ಕೈದು ದಿನ ನೊರೆ ಜೋರಾಗಿ ಏಳುತ್ತದೆ. ಆಗ ಪಾತ್ರೆಯ ಕಾಲು ಭಾಗ ಖಾಲಿ ಇರಬೇಕು. ಏಳುವ ಅನಿಲವೇ ಗಾಳಿಯನ್ನು ಹೊರದಬ್ಬುವುದರಿಂದ ಬಾಯಿಗೆ ತೆಳು ಬಟ್ಟೆ ಕಟ್ಟಿದರೆ ಸಾಕು. ಆದರೆ ಹಣ್ಣಿನ ನೊಣ ನುಸುಳಬಾರದು; ವಿನೆಗರಿನ ಜೀವಿಗಳನ್ನು ಹೊತ್ತು ತರುವುದು ಅದೇ. ನೊರೆ ಇಳಿದ ಕೂಡಲೆ ಕಿರಿದಾದ ಕತ್ತಿನ ಗಾಜಿನ ಭರಣಿಗೆ ಸಾಗಿಸಿ, ಕತ್ತಿನವರೆಗೆ ತುಂಬಿ, ನೀರಿನ ಬೀಗ ಹಾಕಬೇಕು. ಇದು ಕಷ್ಟದ ಸಾಧನವಲ್ಲ. ಬಿರಡೆಗೆ ರಂಧ್ರ ಮಾಡಿ ಕೊಳವೆ ತೂರಿಸಿ, ಅದರ ಒಳತುದಿ ವೈನಿಗೆ ತಾಗದಂತೆ, ಹೊರತುದಿ ನೀರಿರುವ ಬಾಟಲಿಯಲ್ಲಿ ಮುಳುಗುವಂತೆ ಬಿಟ್ಟರಾಯಿತು. ಅನಿಲ ಗುಳ್ಳೆಗಳಾಗಿ ಹೊರಹೋಗುತ್ತದೆ, ಗಾಳಿ ಒಳಬರುವುದಿಲ್ಲ.

ಗಾಳಿ ಬೇಡವೆಂದು ಬಿರಡೆಯನ್ನು ಬಿಗಿದು ಬಿಡುವವರೂ ಇದ್ದಾರೆ. ಇದು ಅಪಾಯ. ಮೇಲಿನ ಲೆಕ್ಕದ 10 ಲೀಟರು ರಸ ಮತ್ತು ಸಕ್ಕರೆಯಿಂದ ಒಟ್ಟು 1 ಕಿಲೋಗೂ ಮೀರಿ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಸಾಧಾರಣ ಉಷ್ಣತೆಯಲ್ಲಿ ಅದರ ಗಾತ್ರ ಸುಮಾರು 600 ಲೀಟರು. ಅದನ್ನು ತಡೆದು ನಿಲ್ಲಿಸುವ ಗಾಜು ಯಾವ ಮನೆಯಲ್ಲೂ ಇರುವುದಿಲ್ಲ. ಇದೇ ಕಾರಣಕ್ಕೆ ಹಲವು ಭರಣಿಗಳಿರುವ ಸಣ್ಣ ಕೋಣೆಗೆ ಕಿಟಕಿ ಇರಲೇಬೇಕು.

ತಿಳಿ ಬಸಿಯುವುದು

ಎರಡು ಮೂರು ವಾರಗಳಲ್ಲಿ ಗುಳ್ಳೆ ನಿಲ್ಲುತ್ತದೆ. ಹೈಡ್ರೋಮೀಟರ್ 0.995ರ ಸುಮಾರಿಗೆ ಇಳಿದಿದ್ದರೆ ಸಕ್ಕರೆ ಮುಗಿದಿದೆ ಎಂದರ್ಥ. ತಳದ ಗಸಿಯನ್ನು ಕದಡದೆ ರಬ್ಬರ್ ಕೊಳವೆಯಿಂದ ತಿಳಿಯನ್ನು ಇನ್ನೊಂದು ಭರಣಿಗೆ ಇಳಿಸಬೇಕು. ಕೊಳವೆಯ ತುದಿ ಕೆಳಗಿನ ಭರಣಿಯ ತಳ ಮುಟ್ಟಿರಬೇಕು. ಮೇಲಿನಿಂದ ಸುರಿದರೆ ಗಾಳಿ ಬೆರೆಯುತ್ತದೆ. 10 ಲೀಟರಿಗೆ ಅರ್ಧ ಗ್ರಾಂ ಮೆಟಾಬೈಸಲ್ಫೈಟ್ ಮತ್ತೆ ಸೇರಿಸಿ, ಕತ್ತಿನವರೆಗೆ ತುಂಬಿ ಮುಚ್ಚಬೇಕು. ಗಸಿ ಬಿಟ್ಟದ್ದರಿಂದ ಅಳತೆ ಕಡಿಮೆಯಾಗಿರುತ್ತದೆ. ಆಗ ಚಿಕ್ಕ ಭರಣಿಗೆ ಹಾಕಬೇಕೇ ಹೊರತು ದೊಡ್ಡದರಲ್ಲೇ ಖಾಲಿ ಬಿಡಬಾರದು. ಒಂದೂವರೆ ತಿಂಗಳ ನಂತರ ಮತ್ತೊಮ್ಮೆ, ಗಸಿ ಕಂಡರೆ ಮೂರನೆಯ ಸಲ ಬಸಿಯಬೇಕು. ಮೂರು ತಿಂಗಳಿಗೆ ತಿಳಿಯಾಗುತ್ತದೆ, ಆರು ತಿಂಗಳಿಗೆ ರುಚಿ ಕೂಡಿಬರುತ್ತದೆ. ಮೊದಲ ತಿಂಗಳಲ್ಲೇ ರುಚಿ ನೋಡಿ ಚೆಲ್ಲಿದವರು ಎಷ್ಟೋ ಜನ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಯೀಸ್ಟಿಗೆ ಸಾರಜನಕ ಸಾಲದಿರುವುದು ಒಂದು ಕಾರಣ. ಕೊಯ್ಲಿಗೆ ಹತ್ತಿರದಲ್ಲಿ ಗಂಧಕದ ಪುಡಿ ಸಿಂಪಡಿಸಿದ್ದು ಇನ್ನೊಂದು. ದ್ರಾಕ್ಷಿ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಈ ಒಂದು ಸಂದರ್ಭದಲ್ಲಿ ಮಾತ್ರ ಮೇಲಿನಿಂದ ಸುರಿದು ಒಮ್ಮೆ ಗಾಳಿಯಾಡಿಸಬಹುದು. ಸಿಹಿ ಬೇಕೆಂದು ಸಿದ್ಧವಾದ ವೈನಿಗೆ ಸಕ್ಕರೆ ಹಾಕಿ ಬಾಟಲಿ ಮುಚ್ಚಿದರೆ ಉಳಿದ ಯೀಸ್ಟ್ ಮತ್ತೆ ಎದ್ದು ಬಾಟಲಿ ಸಿಡಿಯುತ್ತದೆ. ಸಕ್ಕರೆಯನ್ನು ಕುಡಿಯುವಾಗ ಲೋಟಕ್ಕೆ ಹಾಕಿಕೊಳ್ಳಬೇಕು.

ವಿಷದ ಭಯ

1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದನ್ನು ಹಿರಿಯರು ಮರೆತಿಲ್ಲ. ಮನೆಯ ವೈನಿನ ಮಾತು ಬಂದಾಗ ಆ ಭಯ ಏಳುತ್ತದೆ. ಅಂಥ ಸಾವುಗಳಿಗೆ ಕಾರಣ ಮದ್ಯಕ್ಕೆ ಬೆರೆಸುವ ಕೈಗಾರಿಕೆಯ ಮೀಥೈಲ್ ಮದ್ಯಸಾರ. ಸೇಬಿನ ಪೆಕ್ಟಿನ್ನಿನಿಂದಲೂ ಅದು ಉಂಟಾಗುವುದು ನಿಜ, ಆದರೆ ಬಟ್ಟಿ ಇಳಿಸದ ವೈನಿನಲ್ಲಿ ಅದರ ಪ್ರಮಾಣ ಅತ್ಯಲ್ಪ. ವೈನನ್ನು ಬಟ್ಟಿ ಇಳಿಸುವ ಪ್ರಯತ್ನವನ್ನು ಯಾರೂ ಮಾಡಬಾರದು. ಅದು ಅಪರಾಧವೂ ಹೌದು, ಬೆಂಕಿಯ ಅಪಾಯವೂ ಹೌದು. ಸೇಬಿನದಾದ್ದರಿಂದ ಈ ವೈನ್ ಟಾನಿಕ್ಕಿನಂತೆ ಎನ್ನುವ ಮಾತಿಗೂ ಆಧಾರವಿಲ್ಲ. ಶೇಕಡಾ 11ರ ವೈನಿನ 100 ಮಿಲಿ ಲೀಟರಿನಲ್ಲಿ ಸುಮಾರು 9 ಗ್ರಾಂ ಮದ್ಯಸಾರ ಇರುತ್ತದೆ. ಮಕ್ಕಳಿಗೆ, ಬಸುರಿಯರಿಗೆ ಒಂದು ಚಮಚವೂ ಕೊಡತಕ್ಕದ್ದಲ್ಲ.

ಪರವಾನಗಿಯ ಗೊಡವೆ ಬೇಡವೆನ್ನುವವರಿಗೆ

ಅಂಥವರು ರಸವನ್ನು ರಸವಾಗಿಯೇ ಉಳಿಸಿಕೊಳ್ಳಬಹುದು. ಸೋಸಿದ ರಸವನ್ನು ಕಾಯಿಸಿ, ತೊಳೆದು ಬಿಸಿ ಮಾಡಿದ ಬಾಟಲಿಗೆ ತುಂಬಿ, ಮುಚ್ಚಳ ಹಾಕಿ, 85 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆ ಇಟ್ಟು ನಿಧಾನವಾಗಿ ತಣಿಸಬೇಕು. ಮುಚ್ಚಳ ಸರಿಯಿದ್ದರೆ ತಿಂಗಳುಗಟ್ಟಲೆ ಇರುತ್ತದೆ. ಮಾರುವುದಾದರೆ ಆಹಾರ ಸುರಕ್ಷತಾ ಕಾಯಿದೆಯಡಿ ನೋಂದಣಿ ಬೇಕು.

ಪರವಾನಗಿ ಪಡೆದು ಮಾಡಿದ ವೈನ್ ಹುಳಿಗೆ ತಿರುಗಿದರೆ ಅದನ್ನು ಸರಿಪಡಿಸುವ ಉಪಾಯವಿಲ್ಲ, ಆದರೆ ಚೆಲ್ಲಬೇಕಾಗಿಯೂ ಇಲ್ಲ. ಅಷ್ಟೇ ಅಳತೆಯ ನೀರು ಬೆರೆಸಿ ಮದ್ಯಸಾರವನ್ನು ಶೇಕಡಾ 5-6ಕ್ಕೆ ಇಳಿಸಿ, ಕಾಯಿಸದ ಒಳ್ಳೆಯ ವಿನೆಗರನ್ನು ನಾಲ್ಕರಲ್ಲಿ ಒಂದು ಪಾಲು ಸೇರಿಸಿ, ಅಗಲ ಬಾಯಿಯ ಪಾತ್ರೆಯಲ್ಲಿ ಬಟ್ಟೆ ಕಟ್ಟಿ ಬೆಚ್ಚಗಿನ ಜಾಗದಲ್ಲಿಟ್ಟರೆ ಒಂದರಿಂದ ಮೂರು ತಿಂಗಳಲ್ಲಿ ವಿನೆಗರ್ ಸಿದ್ಧವಾಗುತ್ತದೆ. ಮಾರಾಟದ ವಿನೆಗರಿನಲ್ಲಿ ಅಸಿಟಿಕ್ ಆಮ್ಲ ಶೇಕಡಾ 3.75ಕ್ಕೆ ಕಡಿಮೆ ಇರಕೂಡದು. ಆಮ್ಲ ಎಷ್ಟಿದೆಯೆಂದು ಅಳೆಯದ ವಿನೆಗರನ್ನು ಅಡಿಗೆಗೆ ಬಳಸಬಹುದು, ತರಕಾರಿ ಉಪ್ಪಿನಕಾಯಿ ಹಾಕಿಡಲು ಬಳಸಬಾರದು. ವಿನೆಗರಿನ ಪಾತ್ರೆ ವೈನಿನ ಭರಣಿಗಳಿರುವ ಕೋಣೆಯಲ್ಲಿ ಇರಕೂಡದು. ಅದಕ್ಕೆ ಬಳಸಿದ ಬಟ್ಟೆ, ಕೊಳವೆ, ಬಿರಡೆಗಳನ್ನು ಗುರುತು ಹಾಕಿ ಬೇರೆಯಾಗಿಯೇ ಇಡಬೇಕು.